ಎಳ್ಳೆಣ್ಣೆ ಹಾಕಿದ ದಿನ

ಮಂಗಳವಾರ, ಹದಿನಾಲ್ಕು.

ಇವತ್ತಿನ ಅಡುಗೆಯನ್ನು ಎಲ್ಲರೂ ಹೊಗಳಿದರು. ಅದನ್ನೇ ತಡೆದುಕೊಳ್ಳಲಾಗುತ್ತಿಲ್ಲ.

ಕ್ರೀಡಾ ಹಾಸ್ಟೆಲಿನ ಊಟವೆಂದರೆ ಬೇಯಿಸಿದ ಕೋಳಿ, ಸಪ್ಪೆ ತರಕಾರಿ. ಶುಂಠಿ, ಬೆಳ್ಳುಳ್ಳಿ, ಸೋಯಾ ಸಾಸ್ ಹಾಕಿ ಹೇಗೋ ಜೀವ ತರುತ್ತಿದ್ದೆ. ಎಳ್ಳೆಣ್ಣೆಯನ್ನು ಮಾತ್ರ ಅಡುಗೆಮನೆಯೊಳಗೆ ಬಿಟ್ಟುಕೊಂಡಿರಲಿಲ್ಲ. ಎಲ್ಲರೂ ಜಿಂಕೆ ಎಂದು ಕರೆಯುವ ನಮ್ಮ ಓಟದ ಹುಡುಗಿಗೆ ಎಳ್ಳು ತಾಗಿದರೆ ಸಾಕು, ಗಂಟಲು ಬಿಗಿಯುತ್ತಿತ್ತು. "ಜಿಂಕೆ ಅಂದ್ರೆ ನಿಮಗೆ ಪ್ರಾಣ, ನಾವೇನು ಬಿಟ್ಟಿ ಬಿದ್ದಿದ್ದೀವಾ ಅಕ್ಕಾ?" ಎಂದು ಉಳಿದವರು ರೇಗಿಸುತ್ತಿದ್ದರು.

ಅವಳ ಮಂಡಿ ಇನ್ನು ಓಟಕ್ಕೆ ಬಾರದು ಎಂದುಬಿಟ್ಟರು ಡಾಕ್ಟರು. ಬೆಳಿಗ್ಗೆ ಅವಳಪ್ಪ ಬಂದು ಕರೆದುಕೊಂಡು ಹೋದರು. ಹೊರಡುವ ಮುಂಚೆ ಊರುಗೋಲು ಊರಿಕೊಂಡು ಒಲೆಯ ತನಕ ಬಂದಳು. "ಇನ್ಮೇಲೆ ಎಳ್ಳೆಣ್ಣೆ ಹಾಕಿ ಅಕ್ಕಾ. ಪಾಪ, ಅವರೂ ರುಚಿಯಾಗಿ ತಿನ್ಲಿ" ಎಂದು ನಕ್ಕಳು. ನಗುವ ಹೊತ್ತೇ ಅದು? ಹುಚ್ಚು ಹುಡುಗಿ.

ತರಿಸಿ ಹಾಕಿದೆ. ಘಮ್ಮೆಂದಿತು. ಪಾತ್ರೆ ಬಳಿದು ತಿಂದರು. "ಈ ಕೈರುಚೀನ ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ ಅಕ್ಕಾ?" ಎಂದರು.

ಎಲ್ಲರೂ ಎದ್ದುಹೋದ ಮೇಲೆ ನೋಡುತ್ತೇನೆ, ಒಲೆಯ ಪಕ್ಕದ ಪುಟ್ಟ ಬಾಣಲೆಯಲ್ಲಿ ಒಬ್ಬರ ಪಾಲು, ಮುಚ್ಚಳ ಮುಚ್ಚಿಟ್ಟಿದೆ. ಎಳ್ಳೆಣ್ಣೆ ಹಾಕುವ ಮುಂಚೆ ಯಾವಾಗ ತೆಗೆದಿಟ್ಟೆನೋ, ಈ ಕೈಗೇ ಗೊತ್ತು.

ಎಸೆಯಲು ಮನಸ್ಸು ಬರಲಿಲ್ಲ. ಇನ್ನೂ ಅಲ್ಲೇ ಇದೆ.