ಹದಿನಾಲ್ಕು ಸ್ವಾಗತಗಳು

ಮೂಲನಿವಾಸಿಗಳ ರಿಸರ್ವ್, ಬ್ರಿಟಿಷ್ ಕೊಲಂಬಿಯಾ, ಕೆನಡಾ
ಅಕ್ಟೋಬರ್ ೧೪, ಮಂಗಳವಾರ

ಮುದ್ದಿನ ಕೊರಿನ್,

ಶುಕ್ರವಾರ ಹೊಸ ಕಟ್ಟಡದ ಉದ್ಘಾಟನೆಗೆ ಬಂದು, ಆ ನೆಲದ ಮೂಲ ಜನರ ಹಿರಿಯಳಾಗಿ ಸ್ವಾಗತದ ಮಾತಾಡಬೇಕೆಂದು ನಿನ್ನ ವಿಶ್ವವಿದ್ಯಾಲಯದಿಂದ ಆಹ್ವಾನ ಬಂದಿದೆ. ಕೆಳಗೆ ನೀನೇ, "ಅಮ್ಮಾ, ಇದೊಂದ್ಸಲ ಇಲ್ಲ ಅನ್ಬೇಡ" ಅಂತ ಬರೆದಿದ್ದೀಯ. ಇಲ್ಲ ಅನ್ನುತ್ತಿದ್ದೇನೆ, ಮಗಳೇ. ನನಗೆ ಸಾಕಾಗಿದೆ.

ಕಳೆದ ಗುರುವಾರ ಕೋರ್ಟಿನಲ್ಲಿ ಸಾಕ್ಷಿ ಹೇಳಿದೆ. ಆ ಕ್ಯಾಂಪಸ್ಸಿನ ನೆಲ ನಮ್ಮ ಜನರದು, ಯಾರಿಗೂ ಬರೆದುಕೊಟ್ಟದ್ದಲ್ಲ ಎಂಬ ನಮ್ಮ ದಾವೆ ನಿನಗೆ ಗೊತ್ತೇ ಇದೆ. ವಿಶ್ವವಿದ್ಯಾಲಯದ ವಕೀಲ ಎದ್ದು, ಹದಿನಾಲ್ಕು ವರ್ಷ, ವರ್ಷಕ್ಕೊಂದರಂತೆ ನಾನು ಅವರ ಸಮಾರಂಭಗಳಲ್ಲಿ ಆಡಿದ ಸ್ವಾಗತಗಳ ಪಟ್ಟಿ ಓದಿದ. ದಿನಾಂಕ, ಜಾಗ, ಗೌರವಕ್ಕೆಂದು ನನಗೆ ಹೊದಿಸಿದ ಕಂಬಳಿಯ ಬಣ್ಣ, ಒಂದೂ ಬಿಟ್ಟಿಲ್ಲ. "ಇಷ್ಟು ಸಲ ನೀವೇ ಬನ್ನಿ ಅಂದಿದೀರಿ. ಅಂದ್ರೆ ಒಪ್ಗೆ ಇತ್ತು ತಾನೆ?" ಅಂದ.

ನಮ್ಮಲ್ಲಿ ದೋಣಿಯಲ್ಲಿ ಬಂದವರು ನೀರಲ್ಲೇ ನಿಂತು, ದಡ ಹತ್ತಬಹುದೇ ಎಂದು ಕೇಳಬೇಕು. ನಾವು ಬನ್ನಿ ಅನ್ನುತ್ತೇವೆ. ಉಂಡು, ಹಾಡಿ, ನಾಲ್ಕು ದಿನ ಇದ್ದು ಅವರು ತಮ್ಮೂರಿಗೆ ಹೊರಡುತ್ತಾರೆ. ಇವರು ಕೇಳಿದ್ದೂ ಇಲ್ಲ, ಹೊರಟದ್ದೂ ಇಲ್ಲ. ಆದರೂ ಮೈಕಿನ ಮುಂದೆ ನಿಂತು ಬನ್ನಿ ಅಂದವಳು ನಾನು. ತಪ್ಪು ನನ್ನದೇ. ಇದನ್ನೆಲ್ಲ ನ್ಯಾಯಾಧೀಶರಿಗೆ ಹೇಳಿದೆ. ಬರೆದುಕೊಂಡರು. ನನ್ನಿಂದಲೇ ದಾವೆ ಸೋತರೆ ನಮ್ಮವರಿಗೆ ಹೇಗೆ ಮುಖ ತೋರಿಸಲಿ ಅನ್ನುವುದೇ ಚಿಂತೆಯಾಗಿದೆ.

ಹೊರಗೆ ಬಂದ ಮೇಲೆ ನಿನ್ನ ಡೆಲ್ಫಿನ್ ಚಿಕ್ಕಮ್ಮ, "ಅಕ್ಕಾ, ಇನ್ಮೇಲೆ ನೆಂಟರು ಬಂದ್ರೂ ಬಾಯ್ಬಿಡ್ಬೇಡ ಕಣೇ, ಮನೇನೂ ಬರ್ಕೊಂಡ್ಬಿಡ್ತಾರೆ" ಅಂತ ನಗಿಸಿದಳು. ಬಸ್ಸು ಹತ್ತಿದಾಗ ಅಳು ಬಂತು.

ನಮ್ಮವರಿಗೂ ಅವರಿಗೂ ರಾಜಿ ಮಾಡಿಸುವ ಆ ವಿಭಾಗದಲ್ಲಿ ನಿನಗೆ ಕೆಲಸ ಸಿಕ್ಕಿತೆಂದು ಊರಿಗೆಲ್ಲ ಹೇಳಿಕೊಂಡು ಬಂದವಳು ನಾನೇ. ಈಗಲೂ ನಿನ್ನ ಕೆಲಸಕ್ಕೆ ಕುತ್ತು ಬರಬಾರದು. ಬೇಕಾದರೆ ಶುಕ್ರವಾರ, ಅಮ್ಮನಿಗೆ ಹುಷಾರಿಲ್ಲ ಅಂತ ಹೇಳಿಬಿಡು. ಸುಳ್ಳೇನೂ ಅಲ್ಲ.

ನಿನ್ನ ಅಮ್ಮ,
ಅರ್ಲೀನ್

ತಾ.ಕ.: ಆ ಪಟ್ಟಿಯ ಒಂದು ಪ್ರತಿ ನನಗೂ ಕೊಟ್ಟರು. ಕಡೆಯ ಪುಟದಲ್ಲಿ, ಸಿದ್ಧಪಡಿಸಿದವರು ಅನ್ನುವ ಕಡೆ ನಿನ್ನ ಸಹಿ ಇದೆ. ಯಾತಕ್ಕೆಂದು ಹೇಳಿ ಕೇಳಿದರೋ, ನೀನು ಏನೆಂದುಕೊಂಡು ಕೊಟ್ಟೆಯೋ, ತಿಳಿಯದು. ಬಸ್ಸಿನಲ್ಲಿ ಡೆಲ್ಫಿನ್ ನೋಡಬೇಕೆಂದಾಗ ಅದೊಂದು ಪುಟ ತೆಗೆದಿಟ್ಟು ಉಳಿದದ್ದು ಕೊಟ್ಟೆ. ಭಾನುವಾರ ಸಾಮನ್ ಮೀನು ಸುಡುತ್ತೇನೆ, ಬಾ. ಅವಳನ್ನು ಕರೆದಿಲ್ಲ.