ಹನ್ನೆರಡನೆಯ ಮೈಲಿಗಲ್ಲು

ಭಾನುವಾರ, ಬೆಳಿಗ್ಗೆ ಹತ್ತು ಗಂಟೆ

ಪ್ರೀತಿಯ ಮೇಷ್ಟ್ರೇ,

ಕಟ್ಟಿಕೊಂಡ ಗಂಡನನ್ನು ಯಾರಾದರೂ ಹೀಗೆ ಕರೆಯುತ್ತಾರೆಯೇ ಎಂದು ನಿಮ್ಮ ಅಕ್ಕ ಈಗಲೂ ನಗುತ್ತಾರೆ. ಹದಿನಾರು ವರ್ಷದ ಅಭ್ಯಾಸ, ಎಂಟು ತಿಂಗಳು ಬೇರೆ ಇದ್ದ ಮಾತ್ರಕ್ಕೆ ಹೋಗುವುದಿಲ್ಲ. ಈ ಪತ್ರವನ್ನು ಅವರ ಕೈಯಲ್ಲೇ ಕಳಿಸುತ್ತಿದ್ದೇನೆ.

ನಿಮ್ಮ ಪುಸ್ತಕ ಬರುವ ಗುರುವಾರ ಅಚ್ಚಿಗೆ ಹೋಗುತ್ತದೆ ಎಂದು ಅವರು ಫೋನಿನಲ್ಲಿ ಹೇಳಿದಾಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ನಿನ್ನೆ ಡ್ರೈವಿಂಗ್ ಕಲಿಯಲು ಬಂದ ಬ್ಯಾಂಕಿನ ಮೇಡಂ ಖಾಲಿ ರಸ್ತೆಯಲ್ಲಿ ನೆಟ್ಟಗೆ ಓಡಿಸುತ್ತಿದ್ದರೂ ಪಕ್ಕದ ಸೀಟಿನಲ್ಲಿ ಕೂತ ನಾನು ನನ್ನ ಕಾಲಡಿಯ ಎರಡನೇ ಬ್ರೇಕನ್ನು ಮೂರು ಸಲ ಒತ್ತಿದೆ. ಪಾಪ, ತಾನೇನು ತಪ್ಪು ಮಾಡಿದೆ ಎಂದು ಅವರು ಅಳುವ ಹಾಗಾದರು.

ಆ ಬ್ರೇಕು ನಿಮಗೆ ಗೊತ್ತಲ್ಲ. ಅದೇ ಕಾರಿನಲ್ಲಿ ಹಳೆಯ ಅಂಚೆ ದಾರಿ ಹಿಡಿದು ಆರು ವರ್ಷ ಸುತ್ತಿದೆವು. ನಾನು ಓಡಿಸುವುದು, ನೀವು ಪಕ್ಕದಲ್ಲಿ ನಕ್ಷೆ ಹರಡಿಕೊಂಡು ಕೂತು, ಕಲ್ಲು ಕಂಡ ಕೂಡಲೇ ಹೇಳದೆ ಕೇಳದೆ ಬ್ರೇಕು ಒತ್ತುವುದು. ಎಷ್ಟು ಸಲ ನನ್ನ ಹಣೆ ಸ್ಟಿಯರಿಂಗಿಗೆ ಬಡಿಯಿತೋ! ಹನ್ನೊಂದು ಮೈಲಿಗಲ್ಲು ಹಾಗೇ ಸಿಕ್ಕವು. ಹನ್ನೆರಡನೆಯದು ಸಿಕ್ಕರೆ ದಾರಿ ಹೊಳೆಯನ್ನು ಎಲ್ಲಿ ದಾಟುತ್ತಿತ್ತೆಂದು ತಿಳಿಯುತ್ತದೆ, ನಮ್ಮ ಕೆಲಸ ಮುಗಿಯುತ್ತದೆ ಎನ್ನುತ್ತಿದ್ದಿರಿ.

ಆ ಮುಗಿಯುವ ಮಾತೇ ನನಗೆ ಆಗಿಬರುತ್ತಿರಲಿಲ್ಲ.

ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ, ಹೊಳೆ ದಾಟುವ ಎರಡು ಕಡವುಗಳಲ್ಲಿ ಕೆಳಗಿನದರ ತಿರುವಿನಲ್ಲಿ, ನೀವು ಬಿದ್ದ ಕನ್ನಡಕ ಹುಡುಕಲು ಬಗ್ಗಿದ್ದಿರಿ. ಆಗ ಪೊದೆಯೊಳಗೆ ಕಲ್ಲು ನಿಂತಿದ್ದು ನನಗೆ ಕಂಡಿತು. ಹನ್ನೆರಡು ಎಂದು ಸ್ಪಷ್ಟವಾಗಿ ಕೆತ್ತಿತ್ತು. ನಾನು ಬ್ರೇಕು ಒತ್ತಲಿಲ್ಲ, ಗೇರು ಬದಲಿಸಿದೆ. ಏನಾದರೂ ಕಂಡಿತೇ ಎಂದು ಕೇಳಿದಿರಿ. ಬರೀ ಮುಳ್ಳು ಎಂದೆ.

ಕೆಲಸ ಮುಗಿದರೆ ನೀವು ಮನೆ ಹಿಡಿದು ಕೂರುತ್ತೀರಿ ಎಂಬ ಭಯ. ತಾನೊಂದು ಬಗೆದರೆ ದೈವವೊಂದು ಬಗೆಯಿತು. ಕಲ್ಲು ಸಿಗದೆ ಬೇಸತ್ತ ನೀವು ತಿರುಗಾಟವನ್ನೇ ಬಿಟ್ಟಿರಿ. ದಾರಿ ಮೇಲಿನ ಕಡವಿನಲ್ಲೇ ದಾಟುತ್ತಿತ್ತೆಂದು ಊಹಿಸಿಕೊಂಡು ಬರೆಯಲು ಕೂತಿರಿ. ನಿಮ್ಮ ದಾರಿ ಮೇಜಿನ ಮೇಲೇ ಮುಗಿಯಿತು ಎಂದು ಕೂಗಾಡಿ, ಬಟ್ಟೆಬರೆ ಕಟ್ಟಿಕೊಂಡು ಡ್ರೈವಿಂಗ್ ಸ್ಕೂಲಿನ ಮಹಡಿಗೆ ಬಂದವಳು ನಾನು. ಸುಳ್ಳು ಹೇಳಿದವಳ ಸಿಟ್ಟು ನೋಡಿ!

ಮೊನ್ನೆ ಶುಕ್ರವಾರ ಅಲ್ಲಿಗೆ ಹೋದೆ. ರಸ್ತೆ ಅಗಲವಾಗಿದೆ. ಪೊದೆಯೂ ಇಲ್ಲ, ಕಲ್ಲೂ ಇಲ್ಲ. ಮನೆ ಮನೆ ಕೇಳುತ್ತ ಹೋದಾಗ ಒಬ್ಬ ಟೈಲರಮ್ಮನ ಹಿತ್ತಲಲ್ಲಿ ಸಿಕ್ಕಿತು, ಬಟ್ಟೆ ಒಗೆಯುವ ಕಲ್ಲಾಗಿ, ಮುಖ ಅಡಿಯಾಗಿ. ರಸ್ತೆಯವರು ಕಿತ್ತೆಸೆದಿದ್ದನ್ನು ಹೊರಿಸಿಕೊಂಡು ಬಂದರಂತೆ. ಬದಿಯಿಂದ ಕೈ ತೂರಿಸಿ ತಡವಿದೆ. ಕೆತ್ತಿದ ಗೆರೆಯೊಂದು ಬೆರಳಿಗೆ ತಾಗಿತು. ಮಗುಚಿ ನೋಡುವುದು ಒಬ್ಬಳಿಂದ ಆಗುವ ಕೆಲಸವಲ್ಲ.

ಅದು ಎಲ್ಲಿ ನಿಂತಿತ್ತೆಂದು ಕಣ್ಣಾರೆ ಕಂಡು ಗುರುತಿಟ್ಟುಕೊಂಡವಳು ನಾನೊಬ್ಬಳೇ. ಸುಳ್ಳು ಹೇಳಿದವಳ ಸಾಕ್ಷಿಯನ್ನು ನೀವು ನಂಬಬೇಕು. ಬೈಯುವುದಿದ್ದರೆ ಬೈಯಿರಿ, ಆದರೆ ಪುಸ್ತಕವನ್ನು ತಡೆಯಿರಿ. ಆರು ವರ್ಷ ಓಡಿಸಿದ ದಾರಿ ನನ್ನಿಂದ ತಪ್ಪಾಗಿ ಅಚ್ಚಾದರೆ ನನಗೆ ತಡೆಯಲಾಗದು.

ಬುಧವಾರ ಬೆಳಿಗ್ಗೆ ಏಳಕ್ಕೆ ನಿಮ್ಮ ಗೇಟಿನ ಮುಂದೆ ಎರಡು ಸಲ ಹಾರ್ನ್ ಹೊಡೆಯುತ್ತೇನೆ. ಮೂರನೆಯ ಸಲ ಹೊಡೆಯುವುದಿಲ್ಲ.

ಇಂತಿ,
ನಿಮ್ಮ ಡ್ರೈವರು

ಮತ್ತೆ: ಇನ್ನೊಂದು ಸುಳ್ಳು ಬೇಡ. ಟೈಲರಮ್ಮನ ಇಬ್ಬರು ತಮ್ಮಂದಿರು ಹಾರೆ ಹಿಡಿದು ಬಂದೇಬಿಟ್ಟಿದ್ದರು, ಐದೇ ನಿಮಿಷದ ಕೆಲಸ ಅಕ್ಕಾ ಎಂದರು. ನಾನೇ ಬೇಡವೆಂದೆ. ನಮ್ಮ ಮನೆಯವರು ಬರುತ್ತಾರೆ ಎಂದು ಹೇಳಿ ಬಂದಿದ್ದೇನೆ.