ಕಮಾನಿನ ಎತ್ತರ

ಮನೆಯಿಂದ,
ಮಾರ್ಚ್ ೧೨, ಬುಧವಾರ

ತಮ್ಮನಿಗೆ,

ನಿನ್ನ ಗಂಟಲು ಈಗ ಹೇಗಿದೆ? ಹೋದ ಭಾನುವಾರ ನಮ್ಮ ಬೀದಿಯ ಬಾಯಲ್ಲಿರುವ ಕಲ್ಲಿನ ಕಮಾನಿನ ಹತ್ತಿರ ನೀನು ಭಾಷಣ ಮಾಡುವಾಗ ಎರಡು ಸಲ ದನಿ ಕಟ್ಟಿದ್ದು ಮೈಕಿನಲ್ಲಿ ನಮ್ಮ ಮನೆಯವರೆಗೂ ಕೇಳಿಸಿತು. ಬೆಚ್ಚಗಿನ ಉಪ್ಪುನೀರು ಮುಕ್ಕಳಿಸು. ನಿನ್ನ ಹೆಂಡತಿಯ ಬೆನ್ನುನೋವು ಕಡಿಮೆಯಾಗಿದೆ ಎಂದುಕೊಂಡಿದ್ದೇನೆ. ಇಲ್ಲಿ ಅಪ್ಪನ ರಕ್ತದೊತ್ತಡ ಇವತ್ತು ಬೆಳಗ್ಗೆ ನೂರೈವತ್ತು, ತೊಂಬತ್ತೈದು. ಎಡಗೈಯಲ್ಲಿ ಚಮಚ ಹಿಡಿದು ತಾವೇ ತಿನ್ನುತ್ತಾರೆ, ಅರ್ಧ ಅಂಗಿಯ ಮೇಲೆ ಬೀಳುತ್ತದೆ. ಬಲಗೈ ಇಟ್ಟಲ್ಲಿ ಇರುತ್ತದೆ. ನೀನು ಕೇಳಿಲ್ಲ, ಆದರೂ ಬರೆದಿದ್ದೇನೆ.

ನಿನ್ನ ದಪ್ಪ ಲಕೋಟೆ ಸೋಮವಾರ ಬಂತು. ಪುರಸಭೆ ಚುನಾವಣೆಯ ನಾಮಪತ್ರದ ಫಾರಂ, ಇಪ್ಪತ್ತು ಕರಪತ್ರ, ಜೊತೆಗೊಂದು ಚೀಟಿ. "ಅಕ್ಕಾ, ಸೂಚಕರ ಜಾಗದಲ್ಲಿ ಅಪ್ಪನ ಸಹಿ ಹಾಕಿಸಿ ಕೂಡಲೇ ಕಳಿಸು. ಸಹಿ ಆಗದಿದ್ದರೆ ಹೆಬ್ಬೆಟ್ಟೇ ಸಾಕು, ಅದು ಇನ್ನೂ ಚೆನ್ನಾಗಿರುತ್ತೆ." ಯಾರ ಕಣ್ಣಿಗೆ ಚೆನ್ನಾಗಿರುತ್ತೆ ಎಂದು ನೀನು ಬರೆದಿಲ್ಲ. ನೀನು ಈ ಊರು ಬಿಟ್ಟು ಇಪ್ಪತ್ತೆರಡು ವರ್ಷವಾಯಿತು. ಮತದಾರರ ಪಟ್ಟಿ ತಿದ್ದುವವರು ಬಂದಾಗಲೆಲ್ಲ ಅಪ್ಪ "ಅವನ ಹೆಸರು ಇರಲಿ ಬಿಡಿ, ಬರ್ತಾನೆ" ಅನ್ನುತ್ತಿದ್ದರು, ನಾನು ಪಕ್ಕದಲ್ಲಿ ಕುರ್ಚಿಗೆ ಬೆತ್ತ ಸೀಳುತ್ತಿದ್ದೆ. ಆ ಒಂದು ಮಾತಿನ ದಯೆಯಿಂದ ನೀನಿವತ್ತು ಈ ವಾರ್ಡಿನಲ್ಲಿ ನಿಲ್ಲಲು ಅರ್ಹನಾಗಿದ್ದೀಯ.

ಕರಪತ್ರ ಓದಿದೆ. ಮೇಲೆ "ಊರು ಇದ್ದ ಹಾಗೇ ಇರಲಿ", ಅದರ ಕೆಳಗೆ ಕಮಾನು, ಅದರ ಕೆಳಗೆ ಕುರ್ಚಿ ಹೆಣೆಯುತ್ತಿರುವ ಅಪ್ಪ. ಕಮಾನು ತೆಗೆದು ಬೀದಿ ಅಗಲ ಮಾಡುವ ಯೋಜನೆ ಹೊಸ ಪುರಸಭೆಯ ಮುಂದೆ ಬರುತ್ತದೆ, ಅದಕ್ಕೆ ಅಡ್ಡ ನಿಲ್ಲಲು ನಿನ್ನನ್ನು ಗೆಲ್ಲಿಸಬೇಕು. ಅಲ್ಲಿಯವರೆಗೆ ಓದಿ ಮುಂದಿನ ಪುಟಕ್ಕೆ ಬಂದಾಗ ನನಗೆ ನಾಚಿಕೆಯಾಯಿತು. "ಈ ಕಮಾನಿನ ಕೆಳಗೆ ಅಪ್ಪನ ಹೆಗಲೇರಿ ಹೋಗದ ಮಗು ಈ ಬೀದಿಯಲ್ಲಿಲ್ಲ." ಅದು ನನ್ನ ವಾಕ್ಯ. ಎಂಟು ವರ್ಷದ ಹಿಂದೆ ಇಂಜಿನಿಯರುಗಳು ಟೇಪು ಹಿಡಿದು ಬಂದಾಗ ಮನವಿ ಬರೆದವಳು ನಾನು, ಮನೆಮನೆ ಹತ್ತಿಳಿದು ಸಹಿ ಮಾಡಿಸಿದವಳು ನಾನು. ನೀನು ಅದನ್ನು ಇದ್ದಂತೆ ಇಳಿಸಿಕೊಂಡಿದ್ದೀಯ. "ನೂರಾ ನಲವತ್ತು ಮನೆಗಳ ಒಕ್ಕೊರಲು" ಎಂಬುದನ್ನೂ ಬಿಟ್ಟಿಲ್ಲ. ಈಗ ಜನ ವಾಸವಿರುವ ಮನೆ ನೂರಾ ಹದಿನೆಂಟು. ಎಣಿಸಲು ಬೀದಿಯೊಳಗೆ ನಡೆಯಬೇಕಾಗುತ್ತದೆ. ಆ ಮನವಿಯಿಂದಲೇ ಕಮಾನು ಉಳಿಯಿತು, ನಾನು ಒಂದು ವಾರ ಬೀಗಿಕೊಂಡು ತಿರುಗಿದೆ. ಇದನ್ನು ಮುಚ್ಚಿಟ್ಟು ನಿನಗೆ ಬುದ್ಧಿ ಹೇಳುವುದು ಸರಿಯಲ್ಲ, ಅದಕ್ಕೇ ಮೊದಲು ಬರೆದೆ.

ಹೋದ ನವೆಂಬರಿನಲ್ಲಿ ನೀನು ಇರಲಿಲ್ಲವಾದ್ದರಿಂದ ಅದನ್ನೂ ಬರೆಯಬೇಕಾಗಿದೆ. ಕಮಾನಿನ ಎತ್ತರ ಏಳು ಅಡಿ ಎರಡು ಅಂಗುಲ. ಆಂಬುಲೆನ್ಸಿನದು ಎಂಟು ಅಡಿ. ಫೋನು ಮಾಡಿದರೆ ಅವರು ಮೊದಲು ಕೇಳುವುದು "ಕಮಾನಿನ ಒಳಗಡೆಯವರಾ, ಹೊರಗಡೆಯವರಾ?" ಒಳಗಡೆಯವರು ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿ ಕಮಾನಿನವರೆಗೆ ಹೊತ್ತು ತಂದು ನಿಂತಿರಬೇಕು. ಇದು ನಮ್ಮಲ್ಲಿ ಎಷ್ಟು ರೂಢಿಯಾಗಿದೆಯೆಂದರೆ ಯಾರಿಗೂ ವಿಚಿತ್ರ ಅನಿಸುವುದಿಲ್ಲ. ಅಪ್ಪ ಮಧ್ಯಾಹ್ನ ಅಂಗಡಿಯಲ್ಲೇ ಕುಸಿದರು. ಬಾಯಿ ಒಂದು ಪಕ್ಕಕ್ಕೆ ಎಳೆದಿತ್ತು. ನಾನು ಕೈಗೆ ಸಿಕ್ಕ ಕುರ್ಚಿ ಎಳೆದುಕೊಟ್ಟೆ. ಅದು ಅರ್ಧ ಗಂಟೆ ಮುಂಚೆ ಸೀಟು ಹೆಣೆದು ಮುಗಿಸಿದ್ದ ಕುರ್ಚಿ, ಬೆತ್ತ ಇನ್ನೂ ಹಸಿಯಾಗಿತ್ತು. ಹಸಿಯಿರುವಾಗ ಕೂತರೆ ಸೀಟು ಜೋತುಬೀಳುತ್ತದೆ, ಮತ್ತೆ ಎಂದಿಗೂ ಬಿಗಿಯಾಗುವುದಿಲ್ಲ, ಒಂದು ದಿನ ಮುಟ್ಟಬೇಡಿ ಎಂದು ಪ್ರತಿ ಗಿರಾಕಿಗೂ ಅಪ್ಪ ಹೇಳುತ್ತಿದ್ದುದು ನಿನಗೂ ನೆನಪಿರಬೇಕು. ಒಣಗಿದವು ಮೂರು ಗೋಡೆಗೆ ಒರಗಿದ್ದವು, ನನಗೆ ಕಾಣಲಿಲ್ಲ. ನಾಲ್ಕು ಜನ ಎತ್ತಿಕೊಂಡರು. ಅಪ್ಪ ಕೂರಲಿಲ್ಲ. ಎಡಗೈಯನ್ನು ಕುರ್ಚಿಯ ತೋಳಿಗೆ ಊರಿ, ಮೈಯನ್ನು ಸೀಟಿನಿಂದ ಮೇಲೆ ಹಿಡಿದುಕೊಂಡೇ ಇದ್ದರು, ಅರ್ಧ ದೇಹ ಸತ್ತಿರುವಾಗ. "ಹಸಿ ಇದೆ, ಹಸಿ ಇದೆ" ಅನ್ನುವಷ್ಟು ಮಾತು ಇನ್ನೂ ಇತ್ತು. ಕುರ್ಚಿಯ ಮುಂದಿನ ಕಾಲು ಹಿಡಿದಿದ್ದ ಕ್ಷೌರದಂಗಡಿಯವರು "ಕೂತ್ಕೊಳ್ಳಿ ಯಜಮಾನ್ರೇ, ಹಾಳಾದ್ರೆ ನಾನೇ ಕೊಂಡ್ಕೋತೀನಿ" ಎಂದು ಗದರಿದರು. ಕುರ್ಚಿ ಓಲಾಡುತ್ತಿದ್ದುದರಿಂದ ಮೂರು ಸಲ ಇಳಿಸಬೇಕಾಯಿತು. ಗಾಡಿಯ ಬಾಗಿಲು ಮುಟ್ಟಲು ಹತ್ತೊಂಬತ್ತು ನಿಮಿಷ. ಡಾಕ್ಟರು ಕೇಳಿದ್ದು ಒಂದೇ, "ಇಷ್ಟು ಹೊತ್ತು ಎಲ್ಲಿದ್ರಿ?" ಇನ್ನೊಂದು ಸಲ ಆಗಬಹುದು, ಆಗ ಇಷ್ಟು ಹೊತ್ತು ಮಾಡಿದರೆ ಉಳಿಯುವುದಿಲ್ಲ ಎಂದೂ ಹೇಳಿದರು. ಕುರ್ಚಿಯ ತಪ್ಪು ನನ್ನದು, ಅದನ್ನು ನಿನ್ನ ಮೇಲೆ ಹಾಕುವುದಿಲ್ಲ.

ನೀನು ನಾಲ್ಕನೆಯ ದಿನ ಬಂದೆ. ಕಾರನ್ನು ಹೊರಗೆ ನಿಲ್ಲಿಸಿ, ಕಮಾನಿನ ಕೆಳಗೆ ಕತ್ತೆತ್ತಿ ನಿಂತು, "ನೋಡಕ್ಕಾ, ಒಂದು ಕಲ್ಲೂ ಅಲುಗಿಲ್ಲ" ಎಂದು ಫೋಟೋ ತೆಗೆದುಕೊಂಡೆ. ಕರಪತ್ರದಲ್ಲಿರುವುದು ಅದೇ ಫೋಟೋ. ಎಡಗಡೆ ಅಂಚಿನಲ್ಲಿ ಕಾಣುವ ಮೊಣಕೈ ನನ್ನದು, ಆ ಕೈಯಲ್ಲಿ ಅಪ್ಪನ ಮಾತ್ರೆಗಳ ಚೀಲವಿತ್ತು. ನಿನ್ನ ಹೊಸ ಫ್ಲ್ಯಾಟು ನೋಡಲು ನಾನು ಬಂದಾಗ ನೀನು ಎಲ್ಲಕ್ಕಿಂತ ಮೊದಲು ತೋರಿಸಿದ್ದು ಲಿಫ್ಟು. "ಸ್ಟ್ರೆಚರ್ ಸಮೇತ ಹಿಡಿಸುತ್ತೆ ಅಕ್ಕಾ, ಮುಂದಕ್ಕೆ ಯೋಚನೆ ಮಾಡಿ ತಗೊಂಡೆ" ಅಂದಿದ್ದೆ. ಮುಂದಿನ ಯೋಚನೆ ನಿನಗೆ ಅಲ್ಲಿ ಬೇಕು, ಇಲ್ಲಿ ಎಲ್ಲ ಹಿಂದಿನಂತೆಯೇ ಇರಬೇಕು. ವರ್ಷಕ್ಕೆರಡು ಸಲ ಬಂದು ನೋಡಿಹೋಗಲು ನಾವು ಕಾವಲು ಕೂತಿರಬೇಕು. ಕೂದಲು ಕತ್ತರಿಸಿಕೊಳ್ಳಲು ಬಂದವರೊಬ್ಬರು ನಿನ್ನನ್ನು ಹೊಗಳಿದಾಗ ಕ್ಷೌರದಂಗಡಿಯವರು ಹೇಳಿದರಂತೆ: "ಕಮಾನು ಉಳಿಸೋಕೆ ಮಗ ಇದಾನೆ, ಅಪ್ಪನ್ನ ಹೊರೋಕೆ ನಾವಿದೀವಿ. ನನಗೂ ಅರವತ್ತೆರಡು ಆಯ್ತು, ನನ್ನ ಹೊರೋರು ಯಾರು ಅಂತ ಅವನ್ನೇ ಕೇಳಿ."

ಎಲ್ಲರೂ ಅವರಂತಿಲ್ಲ. ಕಮಾನು ಹೋಗಬೇಕು ಎಂದು ನಾನು ಅಂದ ದಿನದಿಂದ ಎದುರುಮನೆಯವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. "ಬರೆದ ಕೈಯಲ್ಲೇ ಅಳಿಸ್ತಾಳೆ" ಎಂದು ನನಗೆ ಕೇಳುವಷ್ಟು ಜೋರಾಗಿ ಆಡಿಕೊಳ್ಳುತ್ತಾರೆ. ಅವರ ಸಹಿಯೂ ಆ ಮನವಿಯಲ್ಲಿದೆ, ನಾನೇ ಪೆನ್ನು ಕೊಟ್ಟು ಮಾಡಿಸಿದ್ದು.

ಸೋಮವಾರ ಸಂಜೆ ನಿನ್ನ ಚೀಟಿಯನ್ನು ಅಪ್ಪನಿಗೆ ಒಂದಕ್ಷರ ಬಿಡದೆ ಓದಿದೆ. ಹೆಬ್ಬೆಟ್ಟಿನ ಮಾತನ್ನೂ ಓದಿದೆ. ಫಾರಮ್ಮನ್ನು ಹಲಗೆಯ ಮೇಲಿಟ್ಟು ಶಾಯಿಯ ಪ್ಯಾಡು ಪಕ್ಕದಲ್ಲಿಟ್ಟೆ, ಹಾಕಿ ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಅವರು ನಿನ್ನ ಹೆಸರು ಅಚ್ಚಾಗಿರುವ ಕಡೆ ಬಹಳ ಹೊತ್ತು ಬೆರಳಾಡಿಸಿದರು. ಆಮೇಲೆ ಎಡಗೈಯಲ್ಲೇ ಫಾರಮ್ಮನ್ನು ನಾಲ್ಕಾಗಿ ಮಡಚಲು ಹೊರಟು, ಆಗದೆ, ಹೇಗೋ ಮುದುರಿ ಅಂಗಿಯ ಜೇಬಿಗೆ ಸೇರಿಸಿಕೊಂಡರು. ಶಾಯಿ ಮುಟ್ಟಲಿಲ್ಲ. ಅಂಗಿ ಬದಲಾಯಿಸುವಾಗಲೂ ಆ ಜೇಬಿನದು ಈ ಜೇಬಿಗೆ ಬರುತ್ತದೆ. ಅದಕ್ಕೇ ಈ ಲಕೋಟೆಯಲ್ಲಿ ಫಾರಂ ಇಲ್ಲ. ನಿನಗೆ ಬೇರೆ ಫಾರಂ ಸಿಗುತ್ತದೆ, ಬೇರೆ ಸೂಚಕರೂ ಸಿಗುತ್ತಾರೆ.

ನಿನ್ನ ಮಗಳಿಗೆ ನನ್ನ ಆಶೀರ್ವಾದ, ಪರೀಕ್ಷೆ ಚೆನ್ನಾಗಿ ಬರೆಯಲಿ. ನಿನ್ನ ಹೆಂಡತಿಗೆ ನೆನೆಸಿಕೊಂಡೆ ಎಂದು ಹೇಳು. ನಿನಗೆ ಒಳ್ಳೆಯದಾಗಲಿ ಎಂಬುದನ್ನು ಈ ಸಲ ಅಭ್ಯಾಸಬಲದಿಂದ ಬರೆಯಲು ಮನಸ್ಸಿಲ್ಲ.

ಅಕ್ಕ

ಮರೆತದ್ದು: ನಿನ್ನೆ ಪುರಸಭೆ ಕಚೇರಿಗೆ ಹೋಗಿ ಒಂದು ಫಾರಂ ತಂದೆ. ಗುಮಾಸ್ತರು "ತಮ್ಮನಿಗಾ ಅಮ್ಮಾ?" ಎಂದರು, ನನಗೆ ಎಂದೆ. ತುಂಬಿಸಿ ಆಗಿದೆ. ಸೂಚಕರು ಕ್ಷೌರದಂಗಡಿಯವರು. ಶುಕ್ರವಾರ ಕೊನೆಯ ದಿನ, ಹನ್ನೊಂದು ಗಂಟೆಗೆ ಹೋಗಿ ಕೊಡುತ್ತೇನೆ. ಗೆದ್ದರೆ ಕಮಾನು ತೆಗೆಯುವ ಕಡೆಗೆ ಕೈ ಎತ್ತುತ್ತೇನೆ. ಮತಗಟ್ಟೆ ಕಮಾನಿನ ಹೊರಗಿದೆ. ಅಪ್ಪ ಯಾರಿಗೆ ಓಟು ಹಾಕುತ್ತಾರೆಂದು ನಾನು ಕೇಳುವುದಿಲ್ಲ, ಆದರೆ ಆ ದಿನ ಅಪ್ಪನನ್ನು ಹೊರಲು ಎದುರುಮನೆಯವರು ಬರುವುದಿಲ್ಲ, ಕುರ್ಚಿಗೆ ನಾಲ್ಕನೆಯವನೊಬ್ಬ ಬೇಕು. ನೀನು ಬಾ.